ಏಳು ನಿಮಿಷ ಮುಂಚೆ ಕೂಗಿದ ಮಿಲ್ಲು

ಕೆಲಸ ಹೋದವನ ಮನೆಗೆ ದುಃಖ ಒಂಟಿಯಾಗಿ ಬರುವುದಿಲ್ಲ, ನಗೆಪಾಟಲನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ನಗುವ ಮನಸ್ಸು ನನಗಿರಲಿಲ್ಲ. ಆದರೂ ನಗು ಬರುವಂಥವು ಒಂದರ ಹಿಂದೆ ಒಂದು ಆಗುತ್ತಲೇ ಇದ್ದವು. ಎಪ್ಪತ್ತರ ದಶಕದ ಮಾತು. ಮದ್ದೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ನಾನು ಟೈಂಕೀಪರ್. ಆಳುಗಳ ಹಾಜರಿ ಬರೆಯುವುದು, ಆಫೀಸಿನ ಗೋಡೆ ಗಡಿಯಾರ ನೋಡಿ ಬೆಳಗ್ಗೆ ಎಂಟಕ್ಕೆ ಸೈರನ್ ಕೂಗಿಸುವುದು. ಹದಿನೆಂಟು ವರ್ಷ ನನ್ನ ವಿದ್ಯೆ ಇಷ್ಟೇ.

೧. ಹಾರ

ಬರುವ ಭತ್ತ ಕಡಿಮೆಯಾಗಿ, ಸಾಹುಕಾರರು ಒಂದು ಸಾಯಂಕಾಲ ನಮ್ಮನ್ನು ಎಂಟು ಜನರನ್ನು ಕರೆದರು. "ಮಿಲ್ನಲ್ಲಿ ಭತ್ತಕ್ಕಿಂತ ಜನ ಜಾಸ್ತಿ ಆಗೋಗವ್ರೆ ಕಣ್ರಪ್ಪ. ನಾನೇನ್ ಮಾಡ್ಲಿ?" ಅಂದರು. ಕೆಟ್ಟ ಮನುಷ್ಯರಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಎಲ್ಲರಿಗೂ ಚೆಂಡುಹೂವಿನ ಹಾರ ಹಾಕಿ, ತೆಂಗಿನಕಾಯಿ ಬಾಳೆಹಣ್ಣು ಕೊಟ್ಟು ಕೈಮುಗಿದರು.

ಹಾರ ಬಿಸಾಡಲು ಮನಸ್ಸು ಬರದೆ ಹಾಕಿಕೊಂಡೇ ಮನೆಗೆ ಬಂದೆ. ಬೀದಿಯ ತುದಿಯಲ್ಲೇ ಹೆಂಡತಿ ನೋಡಿದಳು. ನನಗೆ ಬಡ್ತಿ ಸಿಕ್ಕಿತೆಂದುಕೊಂಡು, ನಾನು ಚಪ್ಪಲಿ ಬಿಡುವಷ್ಟರಲ್ಲಿ ನಾಲ್ಕು ಮನೆಗೆ ಸಕ್ಕರೆ ಹಂಚಿಬಿಟ್ಟಳು. ವಿಷಯ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆ ಮೇಷ್ಟ್ರು ಸಕ್ಕರೆ ಚಪ್ಪರಿಸುತ್ತಾ ಒಳಗೆ ಬಂದರು.

"ಒಳ್ಳೇದಾಯ್ತು ಬುಡಿ. ನಮ್ ಭಾಮೈದ ಸುಮ್ನೆ ಕೂತವ್ನೆ. ನಿಮ್ ಮಿಲ್ನಲ್ಲಿ ಯಾವ್ದಾರ ಜಾಗ ಖಾಲಿ ಅದಾ?"

"ಅದೆ ಮೇಷ್ಟ್ರೇ," ಅಂದೆ. "ಇವತ್ತು ಸಾಯಂಕಾಲದಿಂದ ಎಂಟು ಖಾಲಿ."

೨. ಬಲಗಡೆ ಹೂವು

ತಿಂಗಳಾದರೂ ಎಲ್ಲೂ ಕೆಲಸ ಸಿಗಲಿಲ್ಲ. ನಲವತ್ತೈದು ದಾಟಿದ ಟೈಂಕೀಪರ್ ಯಾರಿಗೆ ಬೇಕು? ಮಳವಳ್ಳಿ ಕಡೆಯಿಂದ ನಮ್ಮತ್ತೆ ಬಂದರು. "ನಡೀರಿ ಅಳಿಮಯ್ಯ, ಅಮ್ಮನ್ನೇ ಕೇಳ್ಬುಡಾನ" ಎಂದು ತಮ್ಮೂರಿನ ಗುಡಿಗೆ ಎಳೆದುಕೊಂಡು ಹೋದರು. ಅಲ್ಲಿಯ ಪದ್ಧತಿ ಏನೆಂದರೆ, ಮನಸ್ಸಿನಲ್ಲಿರುವುದನ್ನು ಹೇಳಿಕೊಂಡು ಕೂತರೆ ದೇವಿಯ ಮುಡಿಯಿಂದ ಹೂವು ಬೀಳುತ್ತದೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ.

ನೋಡಿದರೆ ನಮಗಿಂತ ಮುಂಚೆ ಅಲ್ಲಿ ಸಾಹುಕಾರರೇ ಕೂತಿದ್ದಾರೆ! "ತಾಯಿ, ಜನಾನ ಕಮ್ಮಿ ಮಾಡಿದ್ದು ಸರೀನಾ?" ಎಂದು ಕೇಳಿದರು. ಹೂವು ಬಲಕ್ಕೆ ಬಿತ್ತು. ನನ್ನ ಸರದಿ ಬಂತು. "ತಾಯಿ, ನನ್ ಕೆಲಸ ನಂಗೆ ವಾಪಸ್ ಸಿಗ್ತದಾ?" ಅಂದೆ. ಅದೂ ಬಲಕ್ಕೇ ಬಿತ್ತು. ನಾವಿಬ್ಬರೂ ಪೂಜಾರಿಯ ಮುಖ ನೋಡಿದೆವು.

ಪೂಜಾರಿ ಗಂಟೆ ಕೆಳಗಿಟ್ಟ. "ಅವ್ಳು ಇಬ್ರಿಗೂ ಕೊಟ್ಟವ್ಳೆ. ಇನ್ನು ನೀವ್ ನೀವೇ ಮಾತಾಡ್ಕಂಡು ಬಗೆಹರಿಸ್ಕಳಿ."

ವಾಪಸ್ ಬರುವಾಗ ಸಾಹುಕಾರರಿಗೂ ನನಗೂ ಒಂದೇ ಬಸ್ಸು, ಒಂದೇ ಸೀಟು. ಮದ್ದೂರು ಬರುವ ತನಕ ಅವರು ಕಿಟಕಿ ನೋಡಿದರು, ನಾನು ಟಿಕೆಟ್ ನೋಡಿದೆ.

೩. ಮನೆಯ ಹಾಜರಿ

ಕಾಫಿಯಿಂದ ಮೊದಲು ಸಕ್ಕರೆ ಹೋಗಿ ಬೆಲ್ಲ ಬಂತು, ಆಮೇಲೆ ಹಾಲೂ ಹೋಯಿತು. ಹೆಂಡತಿ ಎರಡು ಮನೆಗೆ ಹಪ್ಪಳ ಒತ್ತಿಕೊಡಲು ಹೊರಟಳು. ನಾನು ಗೋಡೆಗೊರಗಿ ಕೂತಿರುತ್ತಿದ್ದೆ. ಎಂಟಕ್ಕೆ ಮಿಲ್ಲು ಕೂಗಿದರೆ ಕೈ ತಾನಾಗಿ ಹಾಜರಿ ಪುಸ್ತಕ ಹುಡುಕುತ್ತಿತ್ತು. ಒಂದು ದಿನ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಆದರೆ ಹದಿನೆಂಟು ವರ್ಷದ ಚಾಳಿ ಬಿಡಬೇಕಲ್ಲ? ಅವಳು ಹಪ್ಪಳದ ಕೆಲಸ ಮುಗಿಸಿ ಸುಸ್ತಾಗಿ ಬಂದಾಗ ಬಾಯಿ ತಪ್ಪಿ ಅಂದೆ: "ಇವತ್ತು ಕಾಲು ಗಂಟೆ ಲೇಟು."

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚುತ್ತಾ ತಣ್ಣಗೆ ಹೇಳಿದಳು: "ಈ ಮನೇಲೂ ಜನ ಜಾಸ್ತಿ ಆಗೋಗವ್ರೆ. ನಾನೂ ಒಬ್ರನ್ನ ಕಮ್ಮಿ ಮಾಡ್ಬುಡ್ತೀನಿ, ನೋಡ್ತಿರಿ."

೪. ಕೂಗು

ಇನ್ನು ಒಂದು ಗುಟ್ಟು. ಮಂಡ್ಯಕ್ಕೆ ಹೋಗುವ ಮಳವಳ್ಳಿ ಬಸ್ಸು ನಮ್ಮ ಬೀದಿಯ ಮೂಲೆಗೆ ಸರಿಯಾಗಿ ಎಂಟಕ್ಕೆ ಬರುತ್ತಿತ್ತು. ನಮ್ಮ ಜನವೋ, ಮಿಲ್ಲು ಕೂಗಿದ ಮೇಲೆಯೇ ಮನೆ ಬಿಡುವವರು. ದಿನಾ ಬಸ್ಸಿನ ಹಿಂದೆ ಓಡುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೋಡಲಾರದೆ, ಯಾರಿಗೂ ಹೇಳದೆ, ಮಿಲ್ಲಿನ ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ಇಟ್ಟಿದ್ದೆ.

ನಾನು ಬಿಟ್ಟ ಎರಡು ತಿಂಗಳಿಗೆ ಆ ಗಡಿಯಾರ ನಿಂತುಹೋಯಿತು. ನನ್ನ ಬದಲು ಸೈರನ್ ಕೂಗಿಸುತ್ತಿದ್ದ ವಾಚ್‌ಮನ್ ಅದನ್ನು ರಿಪೇರಿ ಮಾಡಿಸಿ, ರೇಡಿಯೋ ಕೇಳಿ ಸರಿಯಾದ ಟೈಮಿಗೆ ಇಟ್ಟ. ಮಾರನೇ ದಿನವೇ ಇಡೀ ಬೀದಿಗೆ ಬಸ್ಸು ತಪ್ಪಿತು. ಮೂರನೇ ದಿನ ಮೇಷ್ಟ್ರು ಜನ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಮಿಲ್ಲಿಗೆ ನುಗ್ಗಿದರು.

"ಮಿಲ್ಲು ತಡವಾಗಿ ಕೂಗ್ತಾ ಅದೆ ಸಾಹುಕಾರ್ರೇ!"

"ರೇಡಿಯೋ ಟೈಮ್ ಕಣ್ರಪ್ಪ," ಅಂದ ವಾಚ್‌ಮನ್.

"ರೇಡಿಯೋದವ್ರು ನಮ್ ಬಸ್ ಹತ್ತಬೇಕಾ?" ಎಂದು ಮೇಷ್ಟ್ರು ಗದರಿದರು.

ಸಾಹುಕಾರರಿಗೂ ಎರಡು ದಿನ ಬಸ್ಸು ತಪ್ಪಿತ್ತು. ಅವರು ನನ್ನ ಕಡೆ ತಿರುಗಿದರು. "ನೀನೇಳಪ್ಪ. ಎಷ್ಟು ಲೇಟಾಗ್ತಾ ಅದೆ?"

"ಏಳು ನಿಮಿಷ," ಅಂದೆ, ಗಡಿಯಾರದ ಕಡೆ ನೋಡದೆಯೇ.

"ನೋಡ್ದೇನೇ ಹೇಳ್ಬುಟ್ಟ ನೋಡ್ರೋ!" ಸಾಹುಕಾರರು ತೊಡೆ ತಟ್ಟಿದರು. "ಅದಿನೆಂಟು ವರ್ಸದಲ್ಲಿ ಒಂದಿನನಾರ ಬಸ್ ತಪ್ಪಿತ್ತಾ? ಟೈಮು ಅಂದ್ರೆ ಇವಂದು. ನಾಳೆಯಿಂದ ಬಾರಪ್ಪ."

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಹಾಲಿಲ್ಲದ ಕಾಫಿ ನೆನಪಾಯಿತು, ಮುಚ್ಚಿಕೊಂಡೆ. ನನ್ನ ಜೊತೆ ಹಾರ ಹಾಕಿಸಿಕೊಂಡ ಆ ಏಳು ಜನರದೂ ನೆನಪಾಯಿತು. ಅವರಿಲ್ಲದೆ ಯಾರಿಗೂ ಬಸ್ಸು ತಪ್ಪಿರಲಿಲ್ಲ, ಹಾಗಾಗಿ ಅವರನ್ನು ಯಾರೂ ಕರೆಯಲಿಲ್ಲ. ಅದೊಂದು ಇವತ್ತಿಗೂ ಚುಚ್ಚುತ್ತದೆ.

ಮನೆಗೆ ಓಡಿಬಂದು, "ಕೆಲಸ ಬಂತು ಕಣೇ!" ಅಂದೆ. ಹೆಂಡತಿ ಸಕ್ಕರೆ ಡಬ್ಬದ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕುತ್ತಿಗೆಯನ್ನೇ ದಿಟ್ಟಿಸಿ ಕೇಳಿದಳು:

"ಸುಳ್ಳೇಳ್ಬೇಡಿ. ಹಾರ ಎಲ್ಲಿ?"

"ಅದು ಕೆಲಸ ಹೋದ್ರೆ ಮಾತ್ರ ಹಾಕ್ತಾರೆ ಕಣೇ," ಅಂದೆ.