ಭಾವನ ಬಂದೂಕಿಗೆ ಒಗ್ಗುವ ಗುಂಡು

ನಮ್ಮ ಭಾವ ದೊಡ್ಡ ಬೇಟೆಗಾರರು. ಆದರೆ ಅವರು ಬೇಟೆಯಾಡುವ ಜಿಂಕೆಗಳೆಲ್ಲ ಹುಟ್ಟುವುದು ಫ್ರಿಜ್ಜಿನ ರಟ್ಟಿನ ಡಬ್ಬದಲ್ಲಿ. ಈಚೆಗೆ ಅವೂ ಸಾಯುವುದನ್ನು ಬಿಟ್ಟಿದ್ದವು!

ಗಾಬರಿಯಾಗಬೇಡಿ. ಕಾಡಿನ ಜಿಂಕೆಯ ತಂಟೆಗೆ ಅವರು ಹೋದವರಲ್ಲ. ಆ ಚಾಳಿ ಇದ್ದದ್ದು ಅವರ ತಂದೆಗೆ. ಯಡಿಯೂರು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಆ ಯಜಮಾನರು, ದೂರದ ಜಿಂಕೆಗೆಂದೇ ಉದ್ದ ನಳಿಗೆಯ ಒಂದು ರೈಫಲ್ ಕೊಂಡಿದ್ದರು. ಆಮೇಲೆ ಕಾಯ್ದೆ ಬಂತು, ಬೇಟೆ ನಿಂತಿತು. ಹೊಲದಲ್ಲಿ ಮೂರಂತಸ್ತಿನ ಮನೆ ಎದ್ದಿತು, ಬಾಡಿಗೆಯವರು ಬಂದರು. ರೈಫಲ್ ಮಾತ್ರ ಲೈಸೆನ್ಸ್ ಸಮೇತ ಭಾವನ ಪಾಲಿಗೆ ಉಳಿಯಿತು. ತಿಂಗಳಿಗೊಮ್ಮೆ ಊರಾಚೆಯ ರೈಫಲ್ ಕ್ಲಬ್ಬಿಗೆ ಅದನ್ನು ಒಯ್ಯುವರು; ಇನ್ನೂರು ಗಜ ದೂರದಲ್ಲಿ ರಟ್ಟಿನ ಮೇಲೆ ತಾವೇ ಬರೆದ ಜಿಂಕೆಯನ್ನು ನಿಲ್ಲಿಸಿ ಹೊಡೆಯುವರು. ಕಾರು ಓಡಿಸುವವನು ನಾನು, ಅವರ ಹೆಂಡತಿಯ ತಮ್ಮ. ಎಸ್ಸೆಸ್ಸೆಲ್ಸಿ ಮುಗಿಸಿ ತಿಲಕ್ ನಗರದಲ್ಲಿ ಪೇಂಟ್ ಅಂಗಡಿ ಇಟ್ಟು, ವಯಸ್ಸಾದ ಮೇಲೆ ಅದನ್ನು ಮುಚ್ಚಿ ಕೂತವನು. ಈ ಭಾವನಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಸ್ವಲ್ಪ ನಗೋಣ, ಆಗಬಹುದಲ್ಲ?

ಭಾವ ಚಿತ್ರ ಬರೆಯುವುದು ತಾರಸಿಯ ಮೇಲೆ. ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಧಾರವಾಡದ ಹುಡುಗ ಒಮ್ಮೆ ಬಟ್ಟೆ ಒಣಹಾಕಲು ಬಂದವನು ಬಗ್ಗಿ ನೋಡಿದ. "ಅಂಕಲ್, ಇದು ಜಿಂಕಿ ಏನ್ರಿ? ನಮ್ಮೂರಾಗ ಇದಕ್ಕ ಆಡು ಅಂತೀವ್ರಿ" ಎಂದ. ಭಾವ ಅದರ ತಲೆಗೆ ಕವಲು ಕವಲಾದ ಕೊಂಬು ಬರೆದರು. ಆಗ ಅದು ಬೇಲಿಗೆ ಸಿಕ್ಕಿಕೊಂಡ ಆಡಿನಂತೆ ಕಂಡಿತು!

ಹಾಗೆಂದು ಅವರ ಗುರಿ ಕೆಟ್ಟದ್ದಲ್ಲ. ಮೊದಲೆಲ್ಲ ಜಿಂಕೆಯ ಎದೆಗೇ ಬೀಳುತ್ತಿತ್ತು. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡ ಮೇಲೆ ಏನಾಯಿತೋ, ಗುಂಡುಗಳೆಲ್ಲ ಜಿಂಕೆಯ ಹೊಟ್ಟೆಯ ಕೆಳಗೆ, ಮುಂಗಾಲು ಹಿಂಗಾಲುಗಳ ನಡುವಿನ ಬಯಲಿನಲ್ಲಿ ಹಾಯ್ದುಹೋಗತೊಡಗಿದವು. ಅದೂ ಅಚ್ಚುಕಟ್ಟಾಗಿ, ಒಂದೇ ಅಂಗೈಯಗಲದಲ್ಲಿ! ನಮ್ಮ ಜಿಂಕೆಗೆ ಗುಂಡಿಗಿಂತ ಗೆದ್ದಲಿನ ಭಯವೇ ಹೆಚ್ಚಾಯಿತು.

ಸ್ವಲ್ಪ ಮೇಲಕ್ಕೆ ಗುರಿಯಿಡಿ ಎಂದು ಸಲಹೆ ಕೊಟ್ಟೆ. ಭಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎದೆಗೆ ಹೊಡೀಬೇಕಾದ್ರೆ ಎದೆ ನೋಡ್ಕೊಂಡು ಹೊಡೀಬೇಕಯ್ಯ. ಬೆನ್ನು ನೋಡ್ಕೊಂಡು ಎದೆಗೆ ಹೊಡಿಯೋದು ಮೋಸ."

ರಟ್ಟಿನ ಜಿಂಕೆಗೂ ಮೋಸ ಮಾಡದ ಮನುಷ್ಯ! ಹಾಗಾದರೆ ತಪ್ಪು ಯಾರದು? ಗುಂಡಿನದು ಎಂದರು. ಒಂದೊಂದು ತಯಾರಿಕೆಯ ಗುಂಡು ಒಂದೊಂದು ಎತ್ತರಕ್ಕೆ ಹೋಗುತ್ತದಂತೆ. ತಮ್ಮ ಬಂದೂಕಿಗೆ ಒಗ್ಗುವ ಗುಂಡು ಎಲ್ಲೋ ಒಂದು ಕಡೆ ಇದ್ದೇ ಇದೆ, ಹುಡುಕಬೇಕು ಅಷ್ಟೆ ಎಂದರು. ಮಗಳಿಗೆ ಗಂಡು ಹುಡುಕುವಾಗಲೂ ಅವರು ಇಷ್ಟು ಅಲೆದಿರಲಿಲ್ಲ. ಬಂದೂಕಿನ ಅಂಗಡಿಗಳಲ್ಲಿ ಗುಂಡನ್ನು ಎಣಿಸಿ, ಲೈಸೆನ್ಸಿನಲ್ಲಿ ಬರೆದು ಕೊಡುತ್ತಾರೆ. ಭಾವ ಹಳೆಯ ಪೊಟ್ಟಣ ಕೇಳುವರು, ಹೊಸ ಪೊಟ್ಟಣ ಕೇಳುವರು, ಮಾವಿನ ಹಣ್ಣಿನಂತೆ ಒಂದೊಂದನ್ನೂ ತಿರುಗಿಸಿ ನೋಡುವರು. ಕೊನೆಕೊನೆಗೆ ಅಂಗಡಿಯವರು ಇವರ ಕಾರು ಕಂಡೊಡನೆ ಊಟಕ್ಕೆ ಹೊರಡುತ್ತಿದ್ದರು.

ಒಮ್ಮೆ, ಗುಂಡುಗಳ ತೂಕ ಒಂದೇ ಸಮ ಇಲ್ಲವೇನೋ ಎಂಬ ಅನುಮಾನ ಬಂತು. ಮನೆಯ ತಕ್ಕಡಿ ಸಾಲದು. ನನ್ನನ್ನೂ ಎಳೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಒಂದು ಚಿನ್ನದಂಗಡಿಗೆ ನಡೆದರು. ಬಾಗಿಲಲ್ಲಿ ಬಂದೂಕು ಹಿಡಿದ ಕಾವಲುಗಾರನಿದ್ದ. ನೀನು ಯಾವ ಗುಂಡು ಹಾಕುತ್ತೀಯಪ್ಪ ಎಂದು ಭಾವ ಅವನನ್ನೇ ವಿಚಾರಿಸಿದರು. ಅವನು ಅತ್ತ ಇತ್ತ ನೋಡಿ, "ಮೆಲ್ಲಗೆ ಮಾತಾಡಿ ಅಂಕಲ್, ಇದ್ರಲ್ಲಿ ಗುಂಡೇ ಇಲ್ಲ" ಎಂದ. ಒಳಗೆ ಅಂಗಡಿಯ ಯಜಮಾನರು ನಮ್ಮ ಗುಂಡುಗಳನ್ನು ಒಂದೊಂದಾಗಿ ತೂಗಿ, "ವೇಸ್ಟೇಜ್ ಎಷ್ಟು ಹಾಕ್ಲಿ ಸಾರ್?" ಎಂದು ಕೇಳಿದರು.

ಇನ್ನೊಮ್ಮೆ, ಅದೇ ಕಾಂಪ್ಲೆಕ್ಸಿನ ಬಳೆ ಅಂಗಡಿಯಲ್ಲಿ ಭಾವ ನೇಲ್ ಪಾಲಿಶ್ ಕೊಳ್ಳುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಅಂಗಡಿಯ ಹುಡುಗಿ ಆಂಟಿಗಾ ಎಂದು ಕೇಳಿದಳು. ಭಾವ ಸ್ವಲ್ಪ ತಡೆದು, "ಹೂಂ, ಆಂಟಿಗೇ. ಬಣ್ಣ ಬೇಡಮ್ಮ, ನೀರಿನ ಥರ ಇರೋದು ಕೊಡು" ಎಂದರು. ಅಕ್ಕ ಹೋಗಿ ಆಗಲೇ ವರ್ಷವಾಗಿತ್ತು! ಹೊರಗೆ ಬಂದ ಮೇಲೆ, ಗುಂಡಿಗೆ ತೇವ ಹತ್ತದಿರಲಿ ಎಂದು ಬಳಿಯುವುದಕ್ಕೆ ಎಂದರು. ಹುಡುಗಿಯ ಮುಂದೆ ನಾಚಿಕೆಯಾಗಿ ಸುಳ್ಳು ಹೇಳಿದ್ದಾರೆ ಎಂದುಕೊಂಡು ವಾರವಿಡೀ ನಕ್ಕೆ.

ಚುನಾವಣೆ ಬಂದಾಗ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಭಾವ ನಳಿಗೆಯ ತುದಿಗೆ ಹತ್ತಿ ಸುತ್ತಿ, ಪ್ಲಾಸ್ಟಿಕ್ ಕವರ್ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು ಕೊಟ್ಟರು. "ಏನ್ ಸಾರ್, ಹಲ್ಲುನೋವಾ ಇದಕ್ಕೆ?" ಎಂದ ಕಾನ್‌ಸ್ಟೇಬಲ್. ಯಾರೂ ಅದನ್ನು ಬಿಚ್ಚಬಾರದು, ಒರೆಸಬಾರದು ಎಂದು ಭಾವ ಅವನಿಂದ ಮಾತು ತೆಗೆದುಕೊಂಡರು. ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಂತೆ ವಾರ ವಾರ ಠಾಣೆಗೆ ಹೋಗಿ ಬರುತ್ತಿದ್ದರು. ಕೈಯಲ್ಲಿ ಕಿತ್ತಳೆಹಣ್ಣು ಇರಲಿಲ್ಲ, ಅಷ್ಟೆ!

ಇಷ್ಟರಲ್ಲಿ ಲೈಸೆನ್ಸ್ ರಿನ್ಯೂ ಮಾಡಿಸುವ ಕಾಲ ಬಂತು. ಜೆ.ಪಿ. ನಗರದಲ್ಲಿರುವ ಮಗಳು ಪಟ್ಟು ಹಿಡಿದಳು. ಮಕ್ಕಳು ಬಂದು ಹೋಗುವ ಮನೆ, ಬಂದೂಕು ಬೇಡ, ಸರ್ಕಾರಕ್ಕೆ ಒಪ್ಪಿಸಿಬಿಡಿ ಎಂದಳು. ಅವಳು ಹೇಳಿದ್ದು ತಪ್ಪೆಂದು ನಾನು ಹೇಳಲಾರೆ. ಭಾವ, "ಸರಿ. ಮುಂದಿನ ಭಾನುವಾರ ನೀನೂ ಕ್ಲಬ್ಬಿಗೆ ಬಾ. ಜಿಂಕೆ ಎದೆಗೆ ಒಂದು ಗುಂಡು ಬಿದ್ರೆ ಇಟ್ಕೋತೀನಿ. ಬೀಳ್ದಿದ್ರೆ ನಾನೇ ಕೊಟ್ಟು ಬರ್ತೀನಿ" ಎಂದರು. ಮಗಳು ಒಪ್ಪಿದಳು. ಹೊಸದಾಗಿ ಕೊಂಡಿದ್ದ ಗುಂಡಿನ ಪೊಟ್ಟಣವನ್ನು ಭಾವ ದೇವರ ಮುಂದಿಟ್ಟರು.

ಆ ಬಂದೂಕು ಹೋದರೆ ಈ ಮನುಷ್ಯ ದಿನವಿಡೀ ಏನು ಮಾಡಬೇಕು? ಶನಿವಾರ ಮಧ್ಯಾಹ್ನ ಅವರು ಊಟ ಮಾಡಿ ಮಲಗಿದ್ದರು. ಖಾಲಿ ಬಂದೂಕು ಮೇಜಿನ ಮೇಲಿತ್ತು. ಸುಮ್ಮನೆ ಎತ್ತಿ ಗುರಿ ನೋಡಿದೆ. ನಳಿಗೆಯ ತುದಿಯಲ್ಲಿ ಗುರಿಗೆಂದು ಅಕ್ಕಿಕಾಳಿನಷ್ಟು ಒಂದು ಮೊನೆ ಇರುತ್ತದೆ. ಅದರ ನೆತ್ತಿಯ ಮೇಲೆ ಏನೋ ಗಂಟು ಕಟ್ಟಿತ್ತು. ಮೊನೆ ಎತ್ತರವಾದರೆ ಹೊಡೆಯುವವನು ನಳಿಗೆ ತಗ್ಗಿಸುತ್ತಾನೆ, ಗುಂಡು ಕೆಳಗೆ ಹೋಗುತ್ತದೆ. ಇಷ್ಟೇ! ಮೂರು ವರ್ಷ ಊರೆಲ್ಲ ಅಲೆದದ್ದು ಈ ಒಂದು ಚೂರು ಕೊಳೆಗಾಗಿಯೇ ಎಂದು ನನಗೆ ನಗು ಬಂತು. ಅವರ ಮನೆಯ ಕೆಳಗಿನ ಶೆಡ್ಡಿನಲ್ಲಿ, ಅಂಗಡಿ ಮುಚ್ಚಿದಾಗ ನಾನು ತಂದಿಟ್ಟಿದ್ದ ಬಣ್ಣ ಕರಗಿಸುವ ಥಿನ್ನರ್ ಉಳಿದಿತ್ತು. ಬಟ್ಟೆಗೆ ಹಾಕಿ ಉಜ್ಜಿದೆ. ಮೇಲೆ ಗಾಜಿನಂಥ ಒಂದು ಪದರ, ಅದು ಕರಗಿದ ಮೇಲೆ ಬಟ್ಟೆಯೆಲ್ಲ ಕೆಂಪು. ಕಬ್ಬಿಣಕ್ಕೆ ಬಳಿಯುವ ರೆಡ್ ಆಕ್ಸೈಡ್ ಇರಬೇಕು ಎಂದುಕೊಂಡೆ. ಪೇಂಟ್ ಅಂಗಡಿಯವನ ಬುದ್ಧಿ ಬೇರೆಲ್ಲಿಗೆ ಹೋದೀತು?

ಭಾನುವಾರ ಭಾವ ಮೂರು ಗುಂಡು ಹೊಡೆದರು. ಮೂರೂ ಎದೆಗೆ! ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು. ಸೋತ ಮಗಳೇ ಅಪ್ಪನನ್ನು ತಬ್ಬಿಕೊಂಡಳು. ಭಾವ ಮಾತ್ರ ನಗಲಿಲ್ಲ. ನಳಿಗೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಕನ್ನಡಕ ಹಾಕಿಕೊಂಡು ನೋಡಿ, ಮತ್ತೆ ಸವರಿದರು.

ವಾಪಸು ಬರುವಾಗ ಮಗಳು ತನ್ನ ಕಾರಿನಲ್ಲಿ ಹೋದಳು. ನಾವಿಬ್ಬರೇ. ಬನಶಂಕರಿ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಭಾವ ಕೇಳಿದರು.

"ಒರೆಸಿದ್ಯಾ?"

"ಏನೋ ಕೊಳೆ ಅಂಟಿತ್ತು ಭಾವ."

"ಕೊಳೆ ಅಲ್ಲ ಕಣಯ್ಯ. ನಿಮ್ಮಕ್ಕ ಇಟ್ಟ ಬೊಟ್ಟು."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ನನಗೆ ಗೊತ್ತಾಗಬೇಕಿತ್ತು. ಆಯುಧಪೂಜೆ ಬಂತೆಂದರೆ ನಮ್ಮಕ್ಕ ಗಂಧ ಕುಂಕುಮ ಕಲಸಿಕೊಂಡು ಮನೆಯಲ್ಲಿ ಯಾವುದನ್ನೂ ಬಿಡುತ್ತಿರಲಿಲ್ಲ. ಮಿಕ್ಸಿ, ಸ್ಕೂಟರ್, ಗ್ಯಾಸ್ ಸಿಲಿಂಡರ್, ಟೀವಿ ರಿಮೋಟ್, ಭಾವನ ಹಲ್ಲುಸೆಟ್ಟಿನ ಡಬ್ಬಿ, ಎಲ್ಲಕ್ಕೂ ಬೊಟ್ಟು! ಬಂದೂಕಿನ ಮರದ ಹಿಡಿಗೂ ಒಂದು.

"ಕೊನೇ ವರ್ಷ ಕೈ ನಡುಗ್ತಿತ್ತಲ್ಲ" ಎಂದರು ಭಾವ. "ಹಿಡಿ ಮೇಲಿಡೋಕೆ ಹೋಗಿ ಅಲ್ಲಿ ಇಟ್ಬಿಟ್ಳು. ಒರೆಸ್ಬೇಡಿ, ಹಾಗೇ ಇರ್ಲಿ ಅಂದ್ಳು."

ಸ್ಕೂಟರಿನ ಬೊಟ್ಟು ಮಳೆಗೆ ಹೋಯಿತು. ಮಿಕ್ಸಿಯದು ಕೆಲಸದವಳ ಬಟ್ಟೆಗೆ ಹೋಯಿತು. ಉಳಿದದ್ದು ಇದೊಂದೇ. ಅದು ಉದುರದಂತೆ ಮೇಲೆ ನೇಲ್ ಪಾಲಿಶ್ ಬಳಿದು, ಆ ಬೊಟ್ಟು ಇದ್ದಂತೆಯೇ ಎದೆಗೆ ಮುಟ್ಟುವ ಗುಂಡನ್ನು ಈ ಮನುಷ್ಯ ಮೂರು ವರ್ಷ ಹುಡುಕಿದ್ದರು. ಅವರು ಹುಡುಗಿಗೆ ಹೇಳಿದ್ದು ಸುಳ್ಳಲ್ಲ. ಅದು ಆಂಟಿಗೇ.

ಮನೆಗೆ ಬಂದವನು ಬೇಡಿಕೊಂಡೆ, ತಪ್ಪಾಯಿತು ಎಂದು ಅತ್ತುಬಿಟ್ಟೆ. ಭಾವ ಬೈಯಲಿಲ್ಲ. ದೇವರ ಮನೆಗೆ ಹೋಗಿ ಅಕ್ಕನ ಕುಂಕುಮದ ಭರಣಿ ತಂದರು. ಬಂದೂಕನ್ನು ಮೇಜಿನ ಮೇಲೆ ಮಲಗಿಸಿದರು.

"ನೀನೇ ಇಡು. ಅವಳ ಒಡಹುಟ್ಟಿದವನಲ್ವಾ."

ಗಂಧ ಕುಂಕುಮ ಕಲಸಿದ ಬೆರಳನ್ನು ಹಿಡಿಯ ಹತ್ತಿರ ತಂದೆ. ಭಾವ ನನ್ನ ಮಣಿಕಟ್ಟು ಹಿಡಿದು ತುದಿಯವರೆಗೂ ನಡೆಸಿಕೊಂಡು ಹೋದರು.

"ಇಲ್ಲಿಟ್ಟರೆ ಮತ್ತೆ ಕೆಳಗೆ ಹೋಗುತ್ತಲ್ಲ ಭಾವ."

"ಹೋಗ್ಲಿ ಬಿಡು."

ಜಿಂಕೆ ಈಗ ಮತ್ತೆ ಕ್ಷೇಮವಾಗಿದೆ. ಗುಂಡುಗಳು ಅಚ್ಚುಕಟ್ಟಾಗಿ ಅದರ ಹೊಟ್ಟೆಯ ಕೆಳಗೆ ಹಾಯುತ್ತಿವೆ. ಬೇರೆ ತಯಾರಿಕೆಯ ಗುಂಡು ಬಂದಿದೆ ಎಂದು ಎಲ್ಲಿ ಕೇಳಿದರೂ ಈಗ ನಾನೇ ಮೊದಲು ಹೋಗಿ ಕಾರು ಹೊರಗೆ ತೆಗೆಯುತ್ತೇನೆ.