ನಾರ್ಮನ್ನನ ಕಾಲು ನಿಂತ ದಿನ

ಶನಿವಾರ ಬೆಳಗಿನ ಸವಾರಿ ಮುಗಿಸಿ ಮೇಬಲ್ ಎಂಬ ಕುದುರೆಯ ಬೆನ್ನಿನಿಂದ ಇಳಿಯುತ್ತಿದ್ದ ನಾರ್ಮನ್ ಹಾರ್ಕರ್‌ಗೆ ಸವಾರಿ ಶಾಲೆಯ ಮಿಸೆಸ್ ಥ್ವೇಟ್ ಒಂದು ಮಾತು ಹೇಳಿದರು. ಆ ಮಾತಿನಿಂದ ಅವನ ದಿನ ಹಾಳಾಯಿತು. ನಿಜ ಹೇಳಬೇಕೆಂದರೆ ಆಮೇಲಿನ ದಿನಗಳೂ ಉದ್ಧಾರವಾಗಲಿಲ್ಲ.

"ನಾರ್ಮನ್, ನಿಮ್ಮ ಮೊಣಕಾಲಿನ ಕೆಳಗೆ ಇರೋದು ಕಾಲೋ, ಹಗ್ಗದ ಮೇಲೆ ಒಣಗಹಾಕಿರೋ ಪ್ಯಾಂಟೋ? ಹೆಜ್ಜೆಗೊಂದು ಸಲ ಹಿಮ್ಮಡಿಯಲ್ಲಿ ಗುದ್ದಿ ಗುದ್ದಿ ಆ ಕುದುರೆ ಮೈ ಮರಗಟ್ಟಿ ಹೋಗ್ತಾ ಇದೆ. ಸಂಜೆ ಪಾಠದಲ್ಲಿ ನೋಡ್ತೀನಿ. ಕಾಲು ನಿಲ್ಲಲಿಲ್ಲ ಅಂದ್ರೆ ಮೇಬಲ್ ನಿಮಗಿಲ್ಲ."

ಅಷ್ಟು ಹೇಳಿ ಆಕೆ ಹೊರಟುಹೋದರು. ಯಾರಿಗೆ ಯಾವ ಕುದುರೆ ಎಂದು ನಮ್ಮಲ್ಲಿ ತೀರ್ಮಾನಿಸುವವರು ಮಿಸೆಸ್ ಥ್ವೇಟ್. ಆ ತೀರ್ಮಾನದ ಮೇಲೆ ಮಾತಾಡಿದವರನ್ನು ಯಾರ್ಕ್‌ಷೈರಿನ ಈ ಕಡೆ ನಾನಂತೂ ಕಂಡಿಲ್ಲ.

ನಾರ್ಮನ್ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಮೂವತ್ತು ವರ್ಷ ಕೈಯಿಂದ ಒಂದು ರಾಗ, ಕಾಲಿಂದ ಇನ್ನೊಂದು ರಾಗ ನುಡಿಸಿ ನುಡಿಸಿ ಆ ಕಾಲುಗಳಿಗೆ ಸುಮ್ಮನಿರುವುದೆಂದರೇನು ಅಂತಲೇ ಮರೆತುಹೋಗಿತ್ತು. ಹೆಂಡತಿ ತೀರಿಕೊಂಡ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಬಾ ಎಂದು ಯಾರೋ ಅವನನ್ನು ಲಾಯಕ್ಕೆ ಎಳೆದುತಂದಿದ್ದರು. ಹತ್ತಿಸಿಕೊಂಡ ಕುದುರೆಗಳೆಲ್ಲ ಅವನನ್ನು ಒಂದಲ್ಲ ಒಂದು ಬೇಲಿಗೆ ಎಸೆದವು. ಎಸೆಯದೆ ಇದ್ದದ್ದು ಮೇಬಲ್ ಒಂದೇ. ಅಗಲ ಬೆನ್ನಿನ, ನಿದ್ದೆಗಣ್ಣಿನ, ಬೂದು ಬಣ್ಣದ ಮುದಿ ಹೆಣ್ಣುಕುದುರೆ. ವಾರದಲ್ಲಿ ಆರು ದಿನ ಅವನು ಬದುಕಿರುತ್ತಿದ್ದದ್ದೇ ಏಳನೆಯ ದಿನ ಅದರ ಕುತ್ತಿಗೆಗೆ ಮುಖ ಒತ್ತಿ ನಿಲ್ಲುವುದಕ್ಕಾಗಿ ಅಂದರೆ ಹೆಚ್ಚಲ್ಲ.

ಇಂಥ ಸುದ್ದಿ ಲಾಯದಲ್ಲಿ ಗುಟ್ಟಾಗಿ ಉಳಿಯುತ್ತದೆಯೇ? ಮೊದಲು ಓಡಿಬಂದದ್ದು ಬ್ರೆಡ್ ಅಂಗಡಿಯ ಡೋರೀನ್. ನಾರ್ಮನ್ ಜೊತೆಗೇ ಸವಾರಿ ಕಲಿಯುವವಳು. ಅವಳ ಕಾಲುಗಳು ಬಾತುಕೋಳಿ ರೆಕ್ಕೆಯ ಹಾಗೆ ಬಡಿಯುತ್ತವೆ. ಆದರೆ ಇನ್ನೊಬ್ಬರಿಗೆ ಬುದ್ಧಿ ಹೇಳಲು ಅದೇನೂ ಅಡ್ಡ ಬಂದಿಲ್ಲ. ತಪ್ಪಿರುವುದು ಹಿಮ್ಮಡಿಯಲ್ಲಿ, ಹಿಮ್ಮಡಿ ಕೆಳಗಿಳಿದರೆ ಕಾಲು ತಾನಾಗಿ ನಿಲ್ಲುತ್ತದೆ ಎಂದು ಅವಳು ಅವನನ್ನು ಕಲ್ಲಿನ ಮೆಟ್ಟಿಲಿನ ಅಂಚಿಗೆ ತುದಿಗಾಲಲ್ಲಿ ಹತ್ತಿಸಿ, ಹಿಮ್ಮಡಿ ಎರಡನ್ನೂ ಗಾಳಿಯಲ್ಲಿ ಇಳಿಬಿಡಿಸಿದಳು. ಸಾಕೆಂದರೆ ಬಿಡಲಿಲ್ಲ. ಮೀನಖಂಡದಲ್ಲಿ ಬೆಂಕಿ ಹತ್ತಿದಂತಾಗಿ ನಾರ್ಮನ್ನನ ಕಣ್ಣಲ್ಲಿ ನೀರು ಬಂತು. ನೀರು ಬಂದರೆ ಸರಿಹೋಗುತ್ತಿದೆ ಅಂತ ಅರ್ಥ ಎಂದಳು ಡೋರೀನ್.

ಅಲ್ಲೇ ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಲಾಳ ಹೊಡೆಯುತ್ತಿದ್ದ ವಿಲ್ಫ್‌ಗೆ ಇದನ್ನು ನೋಡಿ ಮೈ ಉರಿಯಿತು.

"ಅಲ್ಲ ಮಾರಾಯಾ, ಅವಳ ಮಾತು ಕೇಳಿ ಮೆಟ್ಟಿಲ ಮೇಲೆ ಕೋಳಿ ಥರ ನಿಂತಿದ್ದೀಯಲ್ಲ. ತಪ್ಪಿರೋದು ಮಂಡೀಲಿ. ನೀನು ಮಂಡೀಲಿ ಜೀನನ್ನ ಇಕ್ಕಳದ ಥರ ಹಿಡೀತೀಯ, ಕೆಳಗಿನ ಕಾಲು ತೂಗಾಡುತ್ತೆ. ಕಾಲಿಡೋ ರಿಕಾಪು ಎರಡನ್ನೂ ಬಿಚ್ಚಿಹಾಕು. ಎರಡು ಸುತ್ತು ಹೋಗಿ ಬಾ, ಎಲ್ಲಾ ತಾನೇ ಸರಿಹೋಗುತ್ತೆ."

ರಿಕಾಪು ಬಿಚ್ಚಿದ್ದೂ ಅವನೇ, ನಾರ್ಮನ್ನನನ್ನು ಎತ್ತಿ ಕೂರಿಸಿದ್ದೂ ಅವನೇ. ಪಾದಕ್ಕೆ ಆಸರೆಯಿಲ್ಲದ ನಾರ್ಮನ್ ಮೊದಲ ಸುತ್ತನ್ನು ದೇವರ ಹೆಸರು ಹೇಳಿಕೊಂಡು ಮುಗಿಸಿದ. ಎರಡನೆಯ ಸುತ್ತಿನಲ್ಲಿ ಮೇಬಲ್‌ಗೆ ಬೇಲಿಯಾಚೆಯ ಹಸಿರು ಕಂಡಿತು. ಅದು ತಲೆ ತಗ್ಗಿಸಿತು. ನಾರ್ಮನ್ ಅದರ ಕುತ್ತಿಗೆಯ ಮೇಲಿಂದ ಸಾವಕಾಶವಾಗಿ, ಯಾವ ಗಲಾಟೆಯೂ ಇಲ್ಲದೆ ಜಾರಿ ತುರಿಕೆ ಸೊಪ್ಪಿನ ಪೊದೆಗೆ ಬಿದ್ದ.

ಬಿದ್ದವನನ್ನು ಎಬ್ಬಿಸಲು ಬಂದವರು ನಿವೃತ್ತ ಹಲ್ಲಿನ ಡಾಕ್ಟರು ಆರ್ಮರಾಡ್. ಕೈ ಹಿಡಿದು ಎಬ್ಬಿಸುತ್ತಲೇ, ಹಿಮ್ಮಡಿಯೂ ಅಲ್ಲ ಮಂಡಿಯೂ ಅಲ್ಲ, ತಪ್ಪಿರುವುದು ಮೀನಖಂಡದಲ್ಲಿ ಎಂದರು. ಮೀನಖಂಡಕ್ಕೂ ಜೀನಿಗೂ ನಡುವೆ ತೆಳುವಾದದ್ದೇನಾದರೂ ಸಿಕ್ಕಿಸಿ, ಅದು ಬೀಳದಂತೆ ಸವಾರಿ ಮಾಡಬೇಕಂತೆ. ಡಾಕ್ಟರ ಜೇಬಿನಲ್ಲಿ ಶುಂಠಿ ಬಿಸ್ಕತ್ತು ಬಿಟ್ಟು ಬೇರೇನೂ ಇರಲಿಲ್ಲ. ಅವನನ್ನು ಮತ್ತೆ ಹತ್ತಿಸಿ ಅದನ್ನೇ ಎರಡೂ ಕಡೆ ಸಿಕ್ಕಿಸಿದರು. ಹೆಜ್ಜೆ ಕಿತ್ತಿಡುವ ಮೊದಲೇ ಮೇಬಲ್ ಹಿಂದಕ್ಕೆ ತಿರುಗಿ ಎಡಗಡೆಯ ಬಿಸ್ಕತ್ತನ್ನು ತಿಂದಿತು. ಜೊತೆಗೆ ಪ್ಯಾಂಟಿನ ಒಂದು ತುಂಡನ್ನೂ ತಿಂದಿತು. ಬಲಗಡೆಯದು ನಾರ್ಮನ್ನನ ಒತ್ತಡಕ್ಕೆ ಪುಡಿಯಾಗಿ ಬೂಟಿನೊಳಕ್ಕೆ ಇಳಿಯಿತು.

ಮೂವರಿಗೂ ಜಗಳ ಹತ್ತಿಕೊಂಡಿತು. ಮಾನ ಉಳಿಸಿಕೊಳ್ಳಲು ಮೂವರೂ ಸರದಿಯ ಮೇಲೆ ಅವನನ್ನು ಮತ್ತೆ ಮೆಟ್ಟಿಲಿಗೆ, ಮತ್ತೆ ಜೀನಿಗೆ, ಮತ್ತೆ ಮೆಟ್ಟಿಲಿಗೆ ಹತ್ತಿಸಿದರು. ಮೇಬಲ್‌ಗಾಗಿ ತಾನೇ ಎಂದು ನಾರ್ಮನ್ ಎಲ್ಲವನ್ನೂ ಸಹಿಸಿದ. ಚಹಾದ ಹೊತ್ತಿಗೆ ಅವನ ಕಾಲುಗಳು ಮಂಡಿಯಿಂದ ಕೆಳಗೆ ಹಿಡಿದುಕೊಂಡು ಒನಕೆಯಂತಾಗಿದ್ದವು. ಕೂರಲು ಆಗದೆ ಗೋಡೆಗೆ ಒರಗಿ ನಿಂತೇ ಚಹಾ ಕುಡಿದ. ಇನ್ನು ಮೇಬಲ್ ನನಗೆಲ್ಲಿ ದಕ್ಕೀತು ಎಂದು ಅವನಿಗೆ ಅಳು ಬಂತು, ಅತ್ತ.

ಸಂಜೆ ವಿಲ್ಫ್ ಮತ್ತು ಡಾಕ್ಟರು ಅವನನ್ನು ಮೂಟೆ ಎತ್ತಿದ ಹಾಗೆ ಎತ್ತಿ ಮೇಬಲ್ ಮೇಲೆ ಇಟ್ಟರು. ಮಿಸೆಸ್ ಥ್ವೇಟ್ ಅಂಗಳದ ನಡುವೆ ನಿಂತು ನಡೆಸಿ ಎಂದರು. ಮೇಬಲ್ ಪಾಠದ ಸಾಲಿನಲ್ಲಿ ಮುಂದಿದ್ದ ಕುದುರೆಯನ್ನು ನೋಡಿಕೊಂಡು ನಾಲ್ಕು ಹೆಜ್ಜೆ ನಡೆಯಿತು. ಗುದ್ದು ಬರಲಿ ಎಂದು ಕಾಯಿತು. ಗುದ್ದು ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಪಕ್ಕೆಗೆ ಶಾಂತಿ ಸಿಕ್ಕ ಆ ಪ್ರಾಣಿ ನಿಂತು, ಒಂದು ಹಿಂಗಾಲು ಸಡಿಲಬಿಟ್ಟು, ಕಣ್ಣು ಮುಚ್ಚಿತು.

ಹೋಗೇ ನನ್ನವ್ವಾ ಎಂದು ನಾರ್ಮನ್ ಅದರ ಕಿವಿಯಲ್ಲಿ ಗೋಗರೆದ. ಗುದ್ದೋಣವೆಂದರೆ ಕಾಲು ಅಲುಗಲೇ ಇಲ್ಲ.

ಮಿಸೆಸ್ ಥ್ವೇಟ್ ಹತ್ತಿರ ಬಂದರು. ಬಗ್ಗಿ ಅವನ ಹಿಮ್ಮಡಿ ನೋಡಿದರು, ಮಂಡಿ ನೋಡಿದರು, ಮೀನಖಂಡದ ಮೇಲೆ ಬೆರಳಿಂದ ತಟ್ಟಿದರು. ಎದ್ದು ನಿಂತಾಗ ಅವರ ದನಿಯೇ ಬದಲಾಗಿತ್ತು.

"ನನ್ನ ಇಡೀ ಜನ್ಮದಲ್ಲಿ ಇಷ್ಟು ಭದ್ರವಾದ ಕಾಲು ನೋಡಿಲ್ಲ, ನಾರ್ಮನ್."

ನಾರ್ಮನ್ನನಿಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಮೇಬಲ್ ನನಗೇ ತಾನೆ ಮೇಡಂ ಎಂದು ಕೇಳಿದ.

"ಛೆ ಛೆ, ಇಂಥ ಕಾಲನ್ನ ಇದರ ಮೇಲೆ ಹಾಳು ಮಾಡೋದೇ? ಇದಕ್ಕೆ ಗುದ್ದಿದರೆ ಮಾತ್ರ ಅರ್ಥ ಆಗೋದು. ಅದನ್ನ ಕಲಿಸಿದೋರೂ ನೀವೇ. ಇನ್ನು ಇದು ಗುದ್ದೋರಿಗೇ ಸರಿ. ಡೋರೀನ್, ಬನ್ನಿ, ಇವತ್ತಿಂದ ಮೇಬಲ್ ನಿಮಗೆ."

ಇದು ಕಲಿತದ್ದಲ್ಲ, ಕಾಲು ಹಿಡಿದುಕೊಂಡಿದೆ ಎಂದು ನಾರ್ಮನ್ ಬಾಯಿ ಬಡಿದುಕೊಂಡ. ಒಳ್ಳೆಯ ಸವಾರರೆಲ್ಲ ಹೀಗೇ ಸಂಕೋಚಪಡುತ್ತಾರೆ ಎಂದರು ಆಕೆ. ಬೇಕಾದರೆ ಅಲ್ಲಾಡಿಸಿ ತೋರಿಸುತ್ತೇನೆ ನೋಡಿ ಎಂದು ಅವನು ಹಲ್ಲು ಕಚ್ಚಿ, ಉಸಿರು ಕಟ್ಟಿ, ಬೆವರಿ ಒದ್ದಾಡಿದ. ಮೂವತ್ತು ವರ್ಷ ಒಂದು ಗಳಿಗೆ ಸುಮ್ಮನಿರದ ಆ ದರಿದ್ರ ಕಾಲುಗಳು ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಬೇಲಿಯ ಬಳಿ ವಿಲ್ಫ್ ಮತ್ತು ಡಾಕ್ಟರು ಚಪ್ಪಾಳೆ ತಟ್ಟಿದರು.

ಅವನನ್ನು ಇಳಿಸಿ ಡೋರೀನ್ ಹತ್ತಿದಳು. ಅವಳ ಕಾಲು ಎರಡು ಸಲ ಬಡಿದದ್ದೇ ತಡ, ಮೇಬಲ್ ಕಣ್ಣು ತೆರೆದು ನೆಮ್ಮದಿಯಾಗಿ ಕುಕ್ಕುಲೋಟದಲ್ಲಿ ಹೊರಟಿತು. ನಾರ್ಮನ್ನನ ಕಡೆ ತಿರುಗಿಯೂ ನೋಡಲಿಲ್ಲ.

ಅಷ್ಟರಲ್ಲಿ ಹಿಂದಿನ ಲಾಯದಿಂದ ಸುಲ್ತಾನ್ ಎಂಬ ಕೆಂಪು ಗಂಡುಕುದುರೆಯನ್ನು ಇಬ್ಬರು ಹಿಡಿದುಕೊಂಡು ಬಂದರು. ಒಬ್ಬರಿಗೆ ಅದು ಬಗ್ಗುವುದಿಲ್ಲ. ವಿಲ್ಫ್ ಅದಕ್ಕೆ ಲಾಳ ಹೊಡೆಯುವ ದಿನ ಮನೆಯಲ್ಲಿ ಹೇಳಿ ಬರುತ್ತಾನೆ. ಬೇಡ ಬೇಡ ಎನ್ನುತ್ತಿದ್ದ ನಾರ್ಮನ್ನನನ್ನು ಎತ್ತಿ ಅದರ ಮೇಲೆ ಕೂರಿಸಿದ್ದೂ ಆಯಿತು.

"ಇವನ ಪಕ್ಕೆಗೆ ಸುಮ್ಮನೆ ಕಾಲು ತಾಗಿದ್ರೂ ಸಾಕು, ಕಣಿವೆ ದಾಟಿಯೇ ನಿಲ್ಲೋದು" ಎಂದರು ಮಿಸೆಸ್ ಥ್ವೇಟ್, ಹೆಮ್ಮೆಯಿಂದ. "ನಿಮ್ಮಂಥ ಕಾಲಿಗೇ ಇವನನ್ನ ಇಟ್ಟುಕೊಂಡಿದ್ದೆ. ಬಿಡ್ರಪ್ಪಾ ಅವನನ್ನ."

ಹಿಡಿದಿದ್ದವರು ಬಿಟ್ಟರು. ಸುಲ್ತಾನನ ಮೈ ಒಲೆಯ ಹಾಗೆ ಬಿಸಿಯಾಗಿತ್ತು. ಆ ಕಾವಿಗೆ ನಾರ್ಮನ್ನನ ಬಲಗಾಲಿನ ಹಿಡಿತ ಮೆಲ್ಲಗೆ ಸಡಿಲವಾಗತೊಡಗಿತು.