ಮೆತ್ತನೆಯ ಗ್ರಿಪ್ಪಿಗಾಗಿ ನಾಲ್ಕು ತಾಲ್ಲೂಕು

ನಾನು ಮಾತು ಕಡಿಮೆ ಆಡುವವಳು. ನನ್ನ ಪಾಲಿನ ಮಾತನ್ನೂ ಸೇರಿಸಿ ಎದುರಿನವರೇ ಆಡಿಬಿಡುತ್ತಾರೆ. ಅದಕ್ಕೇ ಇರಬೇಕು, ನಾನು ಸುಮ್ಮನೆ ನಿಂತ ಕಡೆಯೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

ನನ್ನ ಕೆಲಸ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಸೈಕಲ್ ಮೇಲೆ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಯಾವ ಊರಿನ ಶಾಖೆಯಲ್ಲಿ ಜನ ಕಡಿಮೆಯೋ ಅಲ್ಲಿಗೆ ನನ್ನನ್ನು ಕಳಿಸುತ್ತಾರೆ. ನಾನು ಬಸ್ಸಿನ ಒಳಗೆ, ಸೈಕಲ್ಲು ಬಸ್ಸಿನ ಮೇಲೆ. ತೊಂದರೆ ಒಂದೇ. ಸೈಕಲ್ಲಿನ ಜೊತೆ ಬಂದ ಹ್ಯಾಂಡಲ್ ಗ್ರಿಪ್ಪು ಕಲ್ಲಿನಂತೆ ಗಟ್ಟಿ. ನಮ್ಮ ರಸ್ತೆಗಳ ಮೇಲೆ ಸ್ವಲ್ಪ ದೂರ ಹೋದರೆ ಕೈ ಜೋಮು ಹಿಡಿಯುತ್ತಿತ್ತು. ಜೋಮು ಹಿಡಿದ ಕೈಯಲ್ಲಿ ಸೂಜಿ ಹಿಡಿದರೆ ಮೊದಲ ಸಲಕ್ಕೆ ನರ ಸಿಗುವುದಿಲ್ಲ. ಎರಡನೇ ಸಲ ಚುಚ್ಚಿಸಿಕೊಂಡವರು ಲ್ಯಾಬಿನ ಸಾಹೇಬರಿಗೆ ಫೋನ್ ಮಾಡುತ್ತಿದ್ದರು.

"ಇನ್ನೊಂದು ಕಂಪ್ಲೇಂಟ್ ಬಂತಂದ್ರ ಸೂಜಿ ಬಿಟ್ಟು ರಿಸೆಪ್ಷನ್ನಿಗೆ ಕುಂದರು" ಅಂದರು ಸಾಹೇಬರು. ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸ! ನನಗೆ ಸೂಜಿಗಿಂತ ಅದರ ಹೆದರಿಕೆ ಹೆಚ್ಚು. ಸ್ಕೂಟಿ ತೊಗೊ ಅಂತ ಎಲ್ಲರೂ ಹೇಳಿದರು. ಆದರೆ ಯಾರನ್ನೂ ಕೇಳದೆ ನಾನು ಕೊಂಡ ಮೊದಲ ವಸ್ತು ಆ ಸೈಕಲ್ಲು. ಬಿಡುವುದಿಲ್ಲ ಅಂದರೆ ಬಿಡುವುದಿಲ್ಲ. ಕೈಗೆ ಹಿತವಾಗುವ ಗ್ರಿಪ್ಪು ಹುಡುಕಿಯೇ ತೀರುವುದು ಅಂತ ನಿಶ್ಚಯ ಮಾಡಿದೆ.

ಇಂಡಿ: ಸುತ್ತಿಗೆಯ ಸಾಕ್ಷಿ

ಇಂಡಿಯ ಸೈಕಲ್ ಅಂಗಡಿಯ ಕಾಕಾನ ಮುಂದೆ ಬಹಳ ಹೊತ್ತು ನಿಂತು, ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡು, "ಎರ್ಗೊನಾಮಿಕ್ ಗ್ರಿಪ್ ಐತೇನ್ರಿ?" ಅಂದೆ. ಇಂಗ್ಲಿಷ್ ಸಾಲಿಯಲ್ಲಿ ಓದಿದ್ದರ ಫಲ. ಕಾಕಾ ನನ್ನನ್ನೇ ನೋಡಿದ.

"ಅಂದ್ರ ಏನ್ ಬೇಕ್ ತಂಗಿ ನಿನಗ?"

"ಚಲೋ ಗ್ರಿಪ್ ಬೇಕ್ರಿ. ಕೈ ನೋಯಬಾರ್ದು."

"ಹಂಗನ್ನು ಮತ್ತ!" ಅಂದವನೇ ಕರೀ ಗ್ರಿಪ್ಪೊಂದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಧಡ್ ಧಡ್ ಅಂತ ಬಾರಿಸಿದ. ಬೀದಿಯ ನಾಯಿ ಎದ್ದು ಓಡಿತು. ಗ್ರಿಪ್ಪಿಗೆ ಒಂದು ಗೆರೆಯೂ ಬೀಳಲಿಲ್ಲ. ಕಾಕಾ ಅದನ್ನು ನನ್ನ ಮುಖದ ಮುಂದೆ ಹಿಡಿದ.

"ನೋಡು. ನಿನ್ನ ಮೊಮ್ಮಕ್ಕಳ ತನಕ ಬರತೈತಿ. ಇದಕ್ಕ ಏನರ ನೋವಾತೇನು?"

"ಇಲ್ರಿ ಕಾಕಾ. ಅದಕ್ಕ ಆಗಬೇಕಾದ ನೋವೆಲ್ಲಾ ನನಗ ಆಗಾಕತ್ತೈತಿ."

ನಾನು ಮೆಲ್ಲಗೆ ಅಂದಿದ್ದೆ. ಅವನಿಗೆ ಕೇಳಿಸಿತು. "ಹಂಗಾದ್ರ ತಪ್ಪು ಕೈಯಿಂದು. ಕೈ ಗಟ್ಟಿ ಮಾಡ್ಕೊ" ಅಂದ.

ಸಿಂದಗಿ: ಕೌದಿ ಹೊದ್ದ ಹ್ಯಾಂಡಲ್ಲು

ಸಿಂದಗಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಕಾಕು ನನ್ನ ಅಂಗೈ ನೋಡಿ ಲೊಚಗುಟ್ಟಿದರು. "ಅಂಗಡ್ಯಾಗ ಯಾಕ ಹುಡುಕ್ತಿ? ನಾ ಹೊಲದು ಕೊಡ್ತೇನಿ" ಅಂದು, ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಹ್ಯಾಂಡಲ್ಲಿಗೆ ಎರಡು ಪುಟ್ಟ ಕೌದಿ ಹೊಲಿದರು. ತುದಿಗೆ ಗೊಂಡೆ ಬೇರೆ. ಮೆತ್ತಗೆ ಅಂದರೆ ಮೆತ್ತಗೆ! ಕೂಸಿನ ಕೈ ಹಿಡಿದುಕೊಂಡು ಹೊರಟಂತೆ ಇತ್ತು.

ಇಳಿಜಾರಿನಲ್ಲಿ ಒಂದು ಸಂಗತಿ ತಿಳಿಯಿತು. ಕೌದಿ ಎಷ್ಟು ದಪ್ಪವಿತ್ತೆಂದರೆ ನನ್ನ ಬೆರಳು ಬ್ರೇಕಿಗೆ ಮುಟ್ಟುತ್ತಿರಲಿಲ್ಲ. ಎದುರಿಗೆ ತಾಡಪತ್ರಿ ಹಾಸಿ ಕೆಂಪು ಮೆಣಸಿನಕಾಯಿ ಒಣಗಲು ಹಾಕಿದ್ದರು. ನಾನು ಅದರ ಈ ತುದಿಯಿಂದ ಹೊಕ್ಕು ಆ ತುದಿಯಿಂದ ಹೊರಬಿದ್ದೆ. ಓಣಿಗೆ ಓಣಿಯೇ ಸೀನತೊಡಗಿತು.

ಮೆಣಸಿನಕಾಯಿಯ ಒಡತಿ ಕಸಬರಿಗೆ ಹಿಡಿದು ಬೆನ್ನು ಹತ್ತಿದಳು. ಹತ್ತಿರ ಬಂದವಳು ಹ್ಯಾಂಡಲ್ ನೋಡಿ ನಿಂತಳು. ಕಸಬರಿಗೆ ಬಗಲಿಗೆ ಸೇರಿತು. ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿ, ಒಂದು ಸೀನು ಸೀನಿ, "ಬೈಯೂದು ಆಮ್ಯಾಲ ಬೈತೇನಿ. ಮೊದಲ ಈ ಹೊಲಿಗಿ ಯಾರು ಹಾಕ್ಯಾರ ಹೇಳು!" ಅಂದಳು.

ಮುದ್ದೇಬಿಹಾಳ: ಎಷ್ಟನೇ ತಿಂಗಳು?

ಮುದ್ದೇಬಿಹಾಳದಲ್ಲಿ ಸ್ಪಂಜಿನ ಗ್ರಿಪ್ಪು ಸಿಕ್ಕಿತು. ಹಿಂಡಿದರೆ ಬನ್ನಿನ ಹಾಗೆ ಒಳಗೆ ಹೋಗುತ್ತಿತ್ತು. ಬೆವರು ಕುಡಿದದ್ದೇ ತಡ, ಹ್ಯಾಂಡಲ್ ಸುತ್ತ ಗಿರಗಿರ ತಿರುಗಲು ಶುರು. ಅದು ಜಾರದಿರಲೆಂದು ಬಿಗಿಯಾಗಿ ಹಿಡಿದೂ ಹಿಡಿದೂ ಕೈ ಮೊದಲಿಗಿಂತ ಹೆಚ್ಚು ಜೋಮು.

ಆ ಸ್ಥಿತಿಯಲ್ಲಿ ಒಬ್ಬ ಬಸುರಿಯ ರಕ್ತ ತೆಗೆಯಲು ಹೋದರೆ ಮನೆಯಲ್ಲಿ ಅವಳ ಸೀಮಂತ, ನಮ್ಮ ಕಡೆಯ ಕುಬಸದ ಕಾರ್ಯ. "ಬಂದವರು ಬಳಿ ಇಟ್ಕೊಳ್ಳದ ಹೋಗಬಾರ್ದವಾ" ಅಂತ ಹೆಂಗಸರು ನನ್ನನ್ನು ಬಳೆಗಾರ ಚಾಚಾನ ಮುಂದೆ ಕೂಡಿಸಿದರು. ಚಾಚಾ ಕೈ ಹಿಚುಕಿ ಹಸಿರು ಬಳೆ ಏರಿಸಿದರು. ನನಗೆ ಏನೂ ಗೊತ್ತಾಗಲಿಲ್ಲ; ಕೈ ಇದ್ದದ್ದೇ ಗೊತ್ತಿರಲಿಲ್ಲ.

ಚಾಚಾಗೆ ಸಂತೋಷವೋ ಸಂತೋಷ. "ನೋಡ್ರಿ ಈ ಮಗಳ್ನ! ಒಂದರ 'ಹಾ' ಅಂದಾಳೇನು? ನೀವು ಬಳಿ ನೋಡೂದ್ರಾಗ ಓಣಿ ಕೂಡ್ಸ್ತೀರಿ" ಅನ್ನುತ್ತ, ಹುರುಪಿನಲ್ಲಿ ಇನ್ನೂ ಸಣ್ಣ ಅಳತೆಯವನ್ನೇ ಮೊಣಕೈ ಕಡೆಗೆ ಏರಿಸುತ್ತ ಹೋದರು. ನಾನಂತೂ ಬೇಡ ಅನ್ನಲು ನಾಚಿ ಕೂತೆ.

ಬೀದಿಗೆ ಬಂದ ಮೇಲೆ ಕೈಗೆ ಜೀವ ಬಂತು. ಆಗ "ಹಾ" ಅಂದೆ. ಬಳೆ ಮಾತ್ರ ಕೆಳಗಿಳಿಯಲಿಲ್ಲ. ಅವತ್ತು ಯಾರ ಮನೆಗೆ ಹೋದರೂ, ಘಲ್ ಘಲ್ ಅಂತ ಸೂಜಿ ತೆಗೆಯುವಷ್ಟರಲ್ಲಿ ಒಂದೇ ಪ್ರಶ್ನೆ: "ಎಷ್ಟನೇ ತಿಂಗಳವಾ?" ಇಂಥ ಹೊತ್ತಿನಲ್ಲಿ ಸೈಕಲ್ ಹೊಡೆಯಲು ಬಿಟ್ಟ ನನ್ನ ಗಂಡನಿಗೂ ಎಲ್ಲರೂ ಬೈದರು. ಮದುವೆಯೇ ಆಗದ ನಾನು, ಇನ್ನೂ ಹುಟ್ಟಿಬರಬೇಕಾದ ಗಂಡನ ಪರವಾಗಿ ತಲೆ ತಗ್ಗಿಸಿದೆ.

ಬಾಗೇವಾಡಿ: ಓಡನಿಯ ಕೆಳಗಿನ ವ್ಯವಹಾರ

ಕೊನೆಗೆ ಬಸವನ ಬಾಗೇವಾಡಿ. ನಮ್ಮ ಹಳ್ಳಿಯಿಂದಲೇ ಓಡಾಡಬಹುದಾದಷ್ಟು ಹತ್ತಿರ. ಇಷ್ಟರಲ್ಲಿ ನನಗೆ ಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಮೆತ್ತಗಿರಬೇಕು, ಆದರೆ ಬೆರಳು ಬ್ರೇಕಿಗೆ ಮುಟ್ಟಬೇಕು, ಬೆವರಿಗೆ ಜಾರಬಾರದು, ಅಂಗೈ ಊರುವ ಕಡೆ ಅಗಲ ಇರಬೇಕು. ದನದ ಸಂತೆಯ ಬದಿಗೆ ಸೈಕಲ್ ಸಾಮಾನು ಹರಡಿಕೊಂಡು ಕೂತಿದ್ದ ಅಜ್ಜನಿಗೆ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಇದ್ದಷ್ಟೂ ತೆಗಿರಿ. ಒಂದೊಂದ ಹಿಡದು ನೋಡ್ತೇನಿ."

ಸಂತೆಯ ಗಂಡಸರೆಲ್ಲ ನನ್ನ ಕೈಯನ್ನೇ ನೋಡತೊಡಗಿದರು. ನನಗೆ ಮುಜುಗರವಾಗಿ ಹೆಗಲ ಮೇಲಿನ ಓಡನಿಯ ಸೆರಗನ್ನು ಕೈಮೇಲೆ ಹಾಕಿಕೊಂಡೆ. ಅಜ್ಜ ಓಡನಿಯ ಕೆಳಗೆ ಗ್ರಿಪ್ಪಿನ ಒಂದು ತುದಿ ಹಿಡಿಯುವುದು, ನಾನು ಇನ್ನೊಂದು ತುದಿ ಒತ್ತಿ ನೋಡಿ ತಲೆ ಅಲ್ಲಾಡಿಸುವುದು. ಮತ್ತೊಂದು. ಮತ್ತೆ ತಲೆ ಅಲ್ಲಾಡಿಸುವುದು.

ದನದ ಸಂತೆಯಲ್ಲಿ ಎತ್ತಿನ ವ್ಯವಹಾರ ಬಾಯಿಂದ ಆಗುವುದಿಲ್ಲ. ಕೈಮೇಲೆ ಟವೆಲ್ ಹಾಕಿಕೊಂಡು, ಒಳಗೊಳಗೇ ಬೆರಳು ಒತ್ತಿ ದರ ಹೇಳುತ್ತಾರೆ. ಅದು ನನಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸುತ್ತ ನಿಂತವರಿಗೆ ಬೇರೆ ಏನೂ ನೆನಪಾಗಲಿಲ್ಲ.

"ಹುಡುಗಿ ಗಟ್ಟಿ ಅದಾಳಪಾ, ಬಗ್ಗವಲ್ಲಳು" ಅಂದ ಒಬ್ಬ.

"ಮುದುಕನ ಬೆವರ ಇಳಿಸಿದ್ಲು ನೋಡ" ಅಂದ ಇನ್ನೊಬ್ಬ.

ಕಡೆಗೊಂದು ಗ್ರಿಪ್ಪು ಅಂಗೈಯಲ್ಲಿ ಬಂದು ಕೂತಿತು, ಇಷ್ಟು ದಿನ ಅಲ್ಲೇ ಇತ್ತೇನೋ ಎನ್ನುವ ಹಾಗೆ. "ಹೂಂ, ಆತ್ರಿ!" ಎಂದು ಕೂಗಿಯೇ ಬಿಟ್ಟೆ. ಗಂಡಸರೆಲ್ಲ ಉಸಿರು ಬಿಟ್ಟರು. ನಮ್ಮೂರವನೊಬ್ಬ ಆಗಲೇ ಫೋನ್ ಕಿವಿಗೆ ಹಚ್ಚಿದ್ದ.

ಹೊಸ ಗ್ರಿಪ್ಪು ಹಿಡಿದು ಹಾರಿಕೊಂಡು ಮನೆಗೆ ಬಂದರೆ, ಕೊಟ್ಟಿಗೆ ಗುಡಿಸಿಟ್ಟಿದ್ದಾರೆ. ಮೇವೂ ಹಾಕಿಟ್ಟಿದ್ದಾರೆ. ಅವ್ವ ಆರತಿ ತಾಟು ಹಿಡಿದು ಬಾಗಿಲಲ್ಲಿ. ಅಪ್ಪ ನನ್ನ ಹಿಂದಿನ ದಾರಿಯನ್ನೇ ಇಣುಕಿ ನೋಡುತ್ತಿದ್ದಾನೆ.

"ಎತ್ತು ಎಲ್ಲವಾ? ಹಿಂದ ಹೊಡ್ಕೊಂಡು ಬರಾಕತ್ತಾರೇನು?"

"ಯಾವ ಎತ್ತಪ್ಪಾ? ನಾ ಗ್ರಿಪ್ ತಂದೇನಿ."

ಅಪ್ಪ ಗ್ರಿಪ್ಪು ನೋಡಿದ, ಕೊಟ್ಟಿಗೆ ನೋಡಿದ. ಮಗ್ಗುಲು ಮನೆಯ ಮುತ್ಯಾಗೆ ಕಿವಿ ಮಂದ, ಆತುರ ಜಾಸ್ತಿ. "ತಂದಾಳಂತ, ತಂದಾಳಂತ. ಹಲ್ಲು ನೋಡಿ ತಂದಾಳಿಲ್ಲೋ ಕೇಳ್ರಿ!" ಅಂದ. ಹಚ್ಚಿದ ಆರತಿ ಹಂಗೇ ಒಳಗೆ ಒಯ್ಯಬಾರದೆಂದು ಅವ್ವ ಸೈಕಲ್ಲಿಗೇ ಬೆಳಗಿದಳು.

ಮರುದಿನ ಬೆಳಿಗ್ಗೆ ಮೊದಲ ಮನೆ ಬಾಗೇವಾಡಿಯ ಒಬ್ಬ ವಯಸ್ಸಾದ ಆಯಿಯದು. ಅಷ್ಟು ದೂರ ಸೈಕಲ್ ಹೊಡೆದರೂ ಕೈ ಚುರುಕಾಗಿತ್ತು. ಸೂಜಿ ಒಂದೇ ಸಲಕ್ಕೆ ನರಕ್ಕೆ ಹೋಯಿತು. ಹತ್ತಿ ಒತ್ತಿ, "ಆತ್ರಿ ಆಯಿ" ಅಂದೆ.

"ಏನಾತು?"

"ರಕ್ತ ತೆಗದ್ನಿರಿ."

ಆಯಿ ತೋಳು ನೋಡಿಕೊಂಡಳು. ಸಂಶಯದಿಂದ ನನ್ನನ್ನು ನೋಡಿದಳು. "ಒಂದೀಟೂ ನೋಯಲಿಲ್ಲ. ನೋವಾಗದ ರಿಪೋರ್ಟ್ ಹೆಂಗ ಖರೇ ಬರತೈತಿ? ಇನ್ನೊಂದು ಕೈಯಾಗ ಸರಿಯಾಗಿ ತಗಿ."

"ಸಾಕ್ರಿ ಆಯಿ, ಇಷ್ಟ ಬೇಕಾಗಿತ್ತು" ಎಂದು ನಗುತ್ತ ಹೊರಬಿದ್ದೆ.

ಲ್ಯಾಬು ಮುಟ್ಟುವಷ್ಟರಲ್ಲಿ ಸಾಹೇಬರು ಫೋನ್ ಹಿಡಿದು ನಿಂತಿದ್ದರು. ನನ್ನನ್ನು ಕಂಡದ್ದೇ ಸ್ಪೀಕರ್ ಹಚ್ಚಿದರು. ಆಯಿಯ ದನಿ ಲ್ಯಾಬಿಗೆಲ್ಲ ಕೇಳಿಸಿತು:

"ಎಂಥಾ ಹುಡುಗೀನ ಕಳಿಸೀರಿ ಸಾಹೇಬ್ರ? ರೊಕ್ಕ ಪೂರ್ತಿ ತೊಗೊಂಡು, ಒಂದ ಸಲ ಚುಚ್ಚಿ ಎದ್ದು ಹೋಗ್ಯಾಳ್ರಿ!"